ಬಾಟಲಿ ಬಿಟ್ಟ ಮೇಲಿನ ಪಾಡು

ಕುಡಿಯುತ್ತಿದ್ದಾಗ ನನ್ನಿಂದ ಮನೆಯವರೆಲ್ಲ ಅತ್ತರು. ಬಿಟ್ಟ ಮೇಲೆ ಮಾತ್ರ ನಗುವಂಥದ್ದೇ ಒಂದರ ಹಿಂದೊಂದು ನಡೆಯುತ್ತಿದೆ. ನಾನು ವಡೋದರಾದ ಗೋರ್ವಾದಲ್ಲಿ ಪಂಪು ರಿಪೇರಿ ಮಾಡುವ ಮೆಕ್ಯಾನಿಕ್. ಬಿಟ್ಟು ಮೂರು ವರ್ಷವಾಯಿತು.

ಸಾಧನೆ

ಬಿಟ್ಟ ಸುದ್ದಿಯನ್ನು ಮೊದಲು ದಾವಣಗೆರೆಯಲ್ಲಿರುವ ಹೆಂಡತಿಯ ತಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಭಾವ, ಗುಜರಾತಿನಲ್ಲಿ ಸರ್ಕಾರವೇ ಬಂದ್ ಮಾಡಿದೆಯಲ್ಲ? ಸಿಗದೇ ಇರೋದನ್ನ ಬಿಡೋದೇನು ಮಹಾ?" ಎಂದ.

ಸಿಗದ ಊರಿನಲ್ಲಿ ಹನ್ನೆರಡು ವರ್ಷ ಒಂದು ದಿನವೂ ತಪ್ಪದೆ ಕುಡಿದವನ ಶ್ರಮ ಅವನಿಗೇನು ಗೊತ್ತು!

ಮೊದಲ ಸಭೆ

ಹೆಂಡತಿ ಮಗಳ ಕೈ ಹಿಡಿದು ತವರಿಗೆ ಹೊರಟು ನಿಂತ ವಾರ, ಕುಡಿತ ಬಿಟ್ಟವರ ಸಭೆಗೆ ಹೋದೆ. ಶಾಲೆಯೊಂದರ ಹಿಂದಿನ ಕೋಣೆ, ಹತ್ತು ಕುರ್ಚಿ, ಚಹಾ. ನನ್ನ ಸರದಿ ಬಂತು. ಹಿಂದಿಯಲ್ಲಿ ಶುರು ಮಾಡಿದೆ. ಮಗಳ ಹೆಸರು ಬಾಯಿಗೆ ಬರುತ್ತಲೇ ಹಿಂದಿ ಎಲ್ಲ ಮರೆತುಹೋಯಿತು. ಕಾಲು ಗಂಟೆ ಅಪ್ಪಟ ಕನ್ನಡದಲ್ಲಿ ಅತ್ತೆ. ಎಲ್ಲರೂ ಕಣ್ಣೊರೆಸಿಕೊಂಡರು.

ಒಂಬತ್ತು ವರ್ಷದಿಂದ ಹನಿ ಮುಟ್ಟದ ಗುಜರಾತಿ ಹಿರಿಯರೊಬ್ಬರು, ಎಲ್ಲರೂ ಕಾಕಾ ಅನ್ನುವವರು, ನನ್ನನ್ನು ತಬ್ಬಿಕೊಂಡರು.

"ಒಂದಕ್ಷರ ಅರ್ಥವಾಗಲಿಲ್ಲ ಭಾಯಿ. ಆದರೆ ಇದು ನನ್ನ ಕಥೆ. ನಿನಗೆ ಯಾರು ಹೇಳಿದರು?"

ದೊಡ್ಡ ಶಕ್ತಿ

ಅಂದಿನಿಂದ ಕಾಕಾ ನನ್ನ ಗುರು. "ಬೆಳಿಗ್ಗೆ ಎದ್ದು, ನಿನಗಿಂತ ದೊಡ್ಡ ಶಕ್ತಿಗೆ ನಿನ್ನನ್ನು ಒಪ್ಪಿಸಿಬಿಡು" ಎಂದರು.

"ದೇವರ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೆ ಕಾಕಾ. ಹೆಂಡತಿ ಆಗಬಹುದಾ?"

"ಸದ್ಯಕ್ಕೆ ಸಾಕು. ಅವಳಿಗೆ ಹೇಳಬೇಡ."

ಕಣ್ಣು ಮುಚ್ಚಿ ಕೂತರೆ ಮೊದಮೊದಲು ಬಾಟಲಿಯೇ ಕಾಣುತ್ತಿತ್ತು. ದಿನ ಕಳೆದಂತೆ ಬರೀ ಉಸಿರು ಕೇಳತೊಡಗಿತು, ಹೆದರಿಕೆ ಇಳಿಯಿತು. ಆಮೇಲೆ ನಾನು ನೋಯಿಸಿದವರ ಕ್ಷಮೆ ಕೇಳುವ ಪಾಠ. ಹೆಂಡತಿಗೆ ಮಾಡಿದ ತಪ್ಪುಗಳನ್ನೆಲ್ಲ ಎರಡು ಪುಟ ಬರೆದು ಅವಳ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಓದಿ, ಕಣ್ಣೊರೆಸಿಕೊಂಡು ಕೇಳಿದಳು:

"ರೀ, ಇದು ಯಾವ ತಿಂಗಳದ್ದು?"

ಸೂರತ್ ಸ್ಟೇಷನ್

ಹೋದ ವರ್ಷ ಹಜೀರಾದ ಕಾರ್ಖಾನೆಯೊಂದರಲ್ಲಿ ಪಂಪು ಸರಿಮಾಡಿ, ಮಧ್ಯಾಹ್ನ ಸೂರತ್ ಸ್ಟೇಷನ್‌ಗೆ ಬಂದೆ. ವಾಪಿಗೆ ಹೋಗುವ ಗಾಡಿ ಬರುವುದಾಗಿ ಘೋಷಣೆಯಾಯಿತು. ವಾಪಿಯ ಪಕ್ಕವೇ ದಮನ್. ಅಲ್ಲಿ ಹೆಂಡದಂಗಡಿಗೆ ನಿಷೇಧವಿಲ್ಲ. ನನ್ನ ಕಾಲು ತಾನಾಗಿಯೇ ಟಿಕೆಟ್ ಕೌಂಟರಿನತ್ತ ತಿರುಗಿತು. ಬೆವರುತ್ತಾ ಕಾಕಾಗೆ ಫೋನ್ ಮಾಡಿದೆ.

"ಕದಲಬೇಡ. ಬಂದೆ" ಎಂದರು.

ವಡೋದರಾದಿಂದ ಎರಡು ಗಂಟೆಯ ದಾರಿ. ಕಂಬ ಹಿಡಿದು ನಿಂತೆ. ಇಪ್ಪತ್ತು ನಿಮಿಷಕ್ಕೆ ವಾಪಿ ಗಾಡಿ ಬಂತು. ಅದರಿಂದ ಕಾಕಾ ಇಳಿದರು!

"ಇಷ್ಟು ಬೇಗ ಹೇಗೆ ಕಾಕಾ?"

ಅವರು ಜೇಬಿನಿಂದ ಟಿಕೆಟ್ ತೆಗೆದು ತೋರಿಸಿದರು. ವಡೋದರಾದಿಂದ ವಾಪಿ.

"ನೀನು ಫೋನ್ ಮಾಡದಿದ್ದರೆ ಇವತ್ತು ನಾನು ಮುಳುಗಿದ್ದೆ ಮಗಾ" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಮುಂದಿನ ಗಾಡಿಯಲ್ಲಿ ವಾಪಸು ಹೊರಟೆವು. ಇಬ್ಬರಿಗೂ ಇನ್ನೊಬ್ಬನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ವಡೋದರಾ ತಲುಪುವವರೆಗೆ ಒಬ್ಬ ಶೌಚಾಲಯಕ್ಕೆ ಹೋದರೆ ಇನ್ನೊಬ್ಬ ಬಾಗಿಲಾಚೆ ಕಾವಲು ನಿಂತು ಭಜನೆ ಹಾಡುತ್ತಿದ್ದ.