ಬೊಂಬೆ ಹಲಗೆಯ ಮೇಲೆ ನಾಲ್ಕು ಚಕ್ರ

ಭಾರ ಎತ್ತಲು ಬೇಕಾದದ್ದು ತೋಳಲ್ಲ, ತಲೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆ ತಲೆ ನನ್ನಲ್ಲಿ ಧಾರಾಳವಾಗಿದೆ ಎಂಬುದು ಅದಕ್ಕಿಂತ ದೃಢವಾದ ನಂಬಿಕೆ!

ನನ್ನ ಭಾವಮೈದುನ ರಂಗ ಮಹಾಬಲಿಪುರದ ದಾರಿಯ ಬೀಚಿನಲ್ಲಿ ಮಕ್ಕಳನ್ನು ಮರಳ ಮೇಲೆ ಸುತ್ತಿಸಲು ನಾಲ್ಕು ಚಕ್ರದ ಬೈಕು ಇಟ್ಟುಕೊಂಡಿದ್ದ. ಎ.ಟಿ.ವಿ. ಅಂತೆ. ಅದು ಕೆಟ್ಟು, ವೆಸ್ಟ್ ಮಾಂಬಲಂನ ನಮ್ಮ ಬೀದಿಯಲ್ಲೇ ರಿಪೇರಿಯಾಗಿ, ನಮ್ಮ ಫ್ಲಾಟಿನ ಮುಂದೆ ನಿಂತಿತ್ತು. ರಂಗ ಫೋನು ಮಾಡಿದ.

"ಭಾವ, ಪಿಕಪ್ ಕಳಿಸ್ತೀನಿ. ಎತ್ತೋಕೆ ನಾಲ್ಕು ಜನಾನ ಕರೆದು ಏನಾದ್ರೂ ಕೊಟ್ಬಿಡಿ."

"ದಂಡಕ್ಕೆ ಜನ ಯಾಕೋ? ನಾನಿಲ್ವಾ?" ಎಂದೆ.

ಪಿಕಪ್ ಬಂತು. ಅದರ ಚಾಲಕ ಸೆಲ್ವಂ ನನ್ನಷ್ಟೇ ಉತ್ಸಾಹಿ; ಎಡವಟ್ಟಾದದ್ದು ಅಲ್ಲೇ. ಎದುರುಮನೆಯವರು ಮಹಡಿ ಕಟ್ಟಲು ಹಾಕಿಸಿದ್ದ ಮರಳಿನ ರಾಶಿಗೆ ಗಾಡಿಯ ಬೆನ್ನು ತಾಗಿಸಿ ನಿಲ್ಲಿಸಲು ಹೇಳಿದೆ. ರಾಶಿಯ ಮೇಲೆ ಬೈಕು ಹತ್ತಿಸಿದರಾಯಿತು. ಪುಕ್ಕಟೆ! ಆದರೆ ಬೀಚಿನ ಮರಳಿನಲ್ಲಿ ಹಾರಾಡುವ ಆ ವಾಹನ ಮಾಂಬಲಂ ಮರಳಿನಲ್ಲಿ ಎಮ್ಮೆಯ ಹಾಗೆ ಕೂತುಬಿಟ್ಟಿತು.

"ಪಲಗೆ ವೇಣುಂ ಸಾರ್," ಎಂದ ಸೆಲ್ವಂ.

ಹಲಗೆ! ನಮ್ಮ ಅಟ್ಟದ ಮೇಲೆಯೇ ಇದ್ದವಲ್ಲ! ನವರಾತ್ರಿಗೆ ಏಳು ಮೆಟ್ಟಿಲು ಬೊಂಬೆ ಕೂರಿಸಲು ನನ್ನ ಹೆಂಡತಿ ಪದ್ಮಾಗೆ ಅವಳ ಅಮ್ಮ ಕೊನೆಗಾಲದಲ್ಲಿ ಮೈಸೂರಿನಿಂದ ಕಳಿಸಿದ್ದ ಹಲಗೆಗಳು. ಮರುವಾರವೇ ನವರಾತ್ರಿ. ಹೊಸ ಬೊಂಬೆ ಕೊಳ್ಳಲು ಪದ್ಮಾ ಮೈಲಾಪುರಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಒರೆಸಿ ವಾಪಸು ಇಟ್ಟರಾಯಿತು. ಯಾರಿಗೆ ಗೊತ್ತಾಗುತ್ತದೆ!

ಎಡ ಚಕ್ರಗಳಿಗೊಂದು, ಬಲ ಚಕ್ರಗಳಿಗೊಂದು ಹಲಗೆಯನ್ನು ಪಿಕಪ್ಪಿಗೆ ಒರಗಿಸಿ ಹಾಸಿದೆವು.

"ತಾಂಗುಮಾ ಸಾರ್?" ಭಾರ ತಡೆಯುತ್ತದೆಯೇ ಎಂದು ಸೆಲ್ವಂ ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದ.

"ತಾಂಗುಂ, ತಾಂಗುಂ!" ಎಂದು ನಾನೇ ಬೈಕು ಏರಿದೆ.

ಅರ್ಧ ದಾರಿಯಲ್ಲಿ 'ಫಟ್' ಎಂದಿತು. ಎಡಗಡೆಯ ಹಲಗೆ ಎರಡು ಹೋಳು! ಬೈಕು ಮರಳಿಗೆ ಜಾರಿತು. ನನಗೆ ಹೊಳೆದದ್ದು ಒಂದೇ: ಉಳಿದದ್ದು ಆರು. ಬೊಂಬೆ ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು; ಸಮವಾದರೆ ಪದ್ಮಾ ಹಬ್ಬವನ್ನೇ ಮಾಡುವುದಿಲ್ಲ! ಆ ಗಾಬರಿಯಲ್ಲೇ ಇನ್ನೊಂದು ಹಲಗೆ ತಂದು ಹಾಸಿ, ಮತ್ತೆ ಏರಿ, ಆಕ್ಸಿಲರೇಟರ್ ಜೋರಾಗಿ ಒತ್ತಿದೆ.

ಈ ಸಲ ಬಲಗಡೆಯದು ಹೋಯಿತು. ಬೈಕು ಒಂದು ಕಡೆ, ನಾನು ಇನ್ನೊಂದು ಕಡೆ. ತಲೆ ಮರಳಿನಲ್ಲಿ, ಕಾಲು ಆಕಾಶದಲ್ಲಿ. ಆಗ ಮೊಬೈಲುಗಳಲ್ಲಿ ಕ್ಯಾಮೆರಾ ಇರಲಿಲ್ಲ, ಬದುಕಿದೆ!

"ಅಪ್ಪಾ, ಅಮ್ಮಾ ವರಾಂಗ!" ಬಾಲ್ಕನಿಯಿಂದ ಮಗಳು ಚಿನ್ನು ಕೂಗಿದಳು. ಬಂದೇಬಿಟ್ಟಳು.

ಪದ್ಮಾ ಆಟೋದಿಂದ ಇಳಿದು ಹೋಳುಗಳನ್ನು ನೋಡಿದಳು. ನಾನು ಬಾಯಿಂದ ಮರಳು ಉಗುಳಿ, "ಐದೂ ಬೆಸ ಸಂಖ್ಯೆನೇ, ಪದ್ಮಾ!" ಎಂದೆ.

"ನಮ್ಮಮ್ಮನ ಹಲಗೆ ಕಣ್ರೀ," ಎಂದಳು. ಅಷ್ಟೇ. ಕೂಗಾಡಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಆಮೇಲೆ ಅವಳು ಮೇಲಿನ ಮನೆಯ ಮಾಮಾನನ್ನೂ ಇಸ್ತ್ರಿ ಅಂಗಡಿಯವನನ್ನೂ ಕರೆದಳು. ಸೆಲ್ವಂ, ನಾನು ಸೇರಿ ನಾಲ್ಕು ಜನ. ಹಿಡಿದೆವು, ಎತ್ತಿದೆವು, ಇಟ್ಟೆವು. ಎಲ್ಲರಿಗೂ ಕಾಫಿ ಕೊಟ್ಟಳು. ನನಗೆ ಮಾತ್ರ ಮರೆತಳು.

ನವರಾತ್ರಿಗೆ ಐದೇ ಮೆಟ್ಟಿಲು ಬಂದವು. ಕೆಳಗೆ, ಪ್ರತಿ ವರ್ಷ ಮರಳು ಹರಡಿ ಪಾರ್ಕು ಮಾಡುವ ಜಾಗದಲ್ಲಿ, ಈ ಸಲ ತಾಯಿಮಗಳು ಬೇರೇನೋ ಮಾಡಿದ್ದರು. ಒಂದು ಆಟಿಕೆ ಪಿಕಪ್. ಅದಕ್ಕೆ ಒರಗಿಸಿದ ಮುರಿದ ಐಸ್‌ಕ್ರೀಂ ಕಡ್ಡಿ. ಪಕ್ಕದಲ್ಲಿ ತಲೆಕೆಳಗಾಗಿ ಮರಳಿಗೆ ನೆಟ್ಟ, ಹೊಟ್ಟೆ ದಪ್ಪಗಿದ್ದ ಒಂದು ಚೆಟ್ಟಿಯಾರ್ ಬೊಂಬೆ!

ಅರಿಸಿನ ಕುಂಕುಮಕ್ಕೆ ಬಂದ ಮಾಮಿಯರೆಲ್ಲ ಮೇಲಿನ ದೇವರಿಗೆ ಕೈ ಮುಗಿದು, ಕೆಳಗೆ ಬಗ್ಗಿ ಆ ಬೊಂಬೆಯನ್ನು ನೋಡಿ, ಆಮೇಲೆ ನನ್ನ ಹೊಟ್ಟೆಯನ್ನು ನೋಡಿ, "ಇವರ್ ತಾನಾ?" ಎಂದು ಪದ್ಮಾಳನ್ನು ಕೇಳುತ್ತಿದ್ದರು.

"ಹೌದು," ಎಂದು ಅವರಿಗೆ ಕಡಲೆ ಸುಂಡಲ್ ಕೊಡುತ್ತಿದ್ದವನು ನಾನೇ.