ಬ್ಯಾರಕಿನ ಗಲ್ಲಿ

ನಮ್ಮ ಬ್ಯಾರಕಿಗೆ ಬಂದವರು ಒಮ್ಮೆಯಾದರೂ ಬೇಸ್ತು ಬೀಳದೆ ಹೋಗುವುದಿಲ್ಲ. ಅರ್ಧ ಕೆಲಸ ಆ ಕಟ್ಟಡವೇ ಮಾಡುತ್ತದೆ, ಉಳಿದದ್ದು ನಾನು.

ಯುದ್ಧದ ಕಾಲದಲ್ಲಿ ಮುಂಬಯಿಯ ಘಾಟ್ಕೋಪರಿನ ಈ ಬ್ಯಾರಕಿನಲ್ಲಿ ನೌಕಾಪಡೆಯವರಿದ್ದರಂತೆ. ಆಮೇಲೆ ಸಿಂಧಿ ನಿರಾಶ್ರಿತರು, ಆಮೇಲೆ ರೇಶನ್ ಗೋದಾಮು. ಈಗ ಉದ್ದದ ಹಾಲಿನಲ್ಲಿ ಕನ್ನಡ ಶಾಲೆ, ಮೂಲೆಯ ಕೋಣೆಯಲ್ಲಿ ನನ್ನ ಮಾವನ ಕ್ಯಾಂಟೀನು. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟು ಮಾವನಿಗೆ ದೋಸೆ ಹಿಟ್ಟು ರುಬ್ಬುವವನು.

೧. ಗಲ್ಲಿ

ಕ್ಯಾಂಟೀನಿನ ಬಾಗಿಲ ಮೇಲೆ ನೌಕಾಪಡೆಯವರು ಬರೆದ ಇಂಗ್ಲಿಷ್ ಅಕ್ಷರಗಳಿವೆ. ಜಿ, ಎ, ಎಲ್, ಎಲ್. ಉಳಿದದ್ದನ್ನು ಒಲೆಯ ಮಸಿ ತಿಂದಿದೆ. ನಾನು ಕೂಡಿಸಿ ಓದಿದೆ: ಗಲ್ಲಿ.

ಒಬ್ಬ ಪೇಪರಿನವನು ಸೈಕಲ್ ಮೇಲೆ ಬಂದು ಸ್ಟೇಶನ್ನಿಗೆ ಹತ್ತಿರದ ದಾರಿ ಕೇಳಿದ.

"ಓದಲಿಕ್ಕೆ ಬರುದಿಲ್ವಾ?" ನಾನು ಬಾಗಿಲು ತೋರಿಸಿದೆ. " ಗಲ್ಲಿ ಅಂತ ಬರೆದಿದೆ. ಸೀದಾ ಜಾವ್."

ಸೀದಾ ಹೋದ, ದೋಸೆ ಹಿಟ್ಟಿನ ಪಾತ್ರೆಯೊಳಗೆ. ಮಾವ ಸೌಟು ಹಿಡಿದು, "ಯಾರು ಮಾರಾಯ ನೀನು?" ಅಂದರು.

"ಅದಿರಲಿ ಶೇಟ್, ನಿಮ್ಮ ಗಲ್ಲಿಯಲ್ಲಿ ಭಾರೀ ಕೆಸರು!"

೨. ಗಾಳಿ

ಶಾಲೆಯ ಮಾಸ್ತರು ಧಾರವಾಡದವರು. ಕನ್ನಡಕ ಒರೆಸಿಕೊಂಡು ಓದಿದರು.

"ಗಲ್ಲಿ ಅಲ್ಲಲೇ ಹುಚ್ಚಪ್ಯಾಲಿ, ಗಾಳಿ! ನೌಕಾದವ್ರು ಗಾಳಿ ತಗೊಳ್ಳಾಕ ಕಟ್ಟಿಸಿದ ಖೋಲಿ."

ಅಂದಿನಿಂದ ಮಧ್ಯಾಹ್ನ ಒಲೆಯ ಪಕ್ಕ ಬಂದು ಕೂರುತ್ತಾರೆ. ಅಂಗಿಯೆಲ್ಲ ಒದ್ದೆ.

"ಗಾಳಿ ಹೇಗುಂಟು ಮಾಸ್ತರೇ?"

"ಬಿಸಿ ಅದ. ಆದ್ರ ಸರಕಾರಿ ಗಾಳಿ, ಬಿಡಬಾರದು."

೩. ಸಾಹೇಬ

ಸರಕಾರದ ಹುಕುಂ ಬಂತು: ಯಾವ ಕೋಣೆಯನ್ನು ಯಾವುದಕ್ಕೆ ಕಟ್ಟಿದ್ದೋ ಅದಕ್ಕೇ ಬಳಸಬೇಕು, ಹಾಗೆ ಬಳಸದವರು ಖಾಲಿ ಮಾಡಬೇಕು. ಮಾವನಿಗೆ ಊಟ ಸೇರಲಿಲ್ಲ. ಕ್ಯಾಂಟೀನು ಹೋದರೆ ಮತ್ತೆ ಫೋರ್ಟ್ ಕಡೆಯ ಹೋಟೆಲಿನಲ್ಲಿ ಗ್ಲಾಸು ತೊಳೆಯಬೇಕು.

ತಪಾಸಣೆಗೆ ಸಾಹೇಬ ಬಂದ. "ಇದು ಏನು ಕೋಣೆ?"

"ಗಲ್ಲಿ ಸಾಬ್," ಮಾವ ಕೈಮುಗಿದರು.

"ಗಾಳಿರೀ," ಮಾಸ್ತರು ತಿದ್ದಿದರು.

ಸಾಹೇಬ ಹೊಟ್ಟೆ ಹಿಡಿದು ನಕ್ಕ. "ನಾನೂ ನೌಕಾಪಡೆಯವನೇ. ಇದು ಗ್ಯಾಲಿ! ಹಡಗಿನವರು ಅಡುಗೆಮನೆಗೆ ಅನ್ನುವ ಮಾತು. ನೀನು ಇಲ್ಲೇ ಇರು, ಇಡ್ಲಿ ಮಾಡು."

ಮಾವ ಉಸಿರು ಬಿಟ್ಟರು. ಸಾಹೇಬ ಶಾಲೆಯ ಹಾಲಿನ ಹೊರಗೆ ನಿಂತು, ಎತ್ತರದ ಕಿಟಕಿಯಿಂದ ಕಾಣುವ ತೊಲೆಯ ಕೊಕ್ಕೆಗಳನ್ನು ತೋರಿಸಿದ. "ಅಲ್ಲಿ ಜೋಲಿ ಕಟ್ಟಿ ಮಲಗುತ್ತಿದ್ದೆವು. ಇದು ಮಲಗುವ ಹಾಲ್. ಶಾಲೆ ಎತ್ತಬೇಕು."

ಮಾಸ್ತರ ಮುಖ ಸಣ್ಣದಾಯಿತು. ಒಳಗೆ ಮಕ್ಕಳಿಗೆ ಇತಿಹಾಸ ಬಾಯಿಪಾಠಕ್ಕೆ ಕೊಟ್ಟು ಬಂದಿದ್ದರು. ನನಗೆ ತಡೆಯಲಾಗಲಿಲ್ಲ, ಬಾಗಿಲು ಪೂರ್ತಿ ತೆರೆದೆ.

"ನೋಡಿ ಸಾಬ್, ಈಗಲೂ ಅದಕ್ಕೇ ಬಳಸುತ್ತಿದ್ದೇವೆ."

ಇಡೀ ಕ್ಲಾಸು ಪಾಟಿಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು.

ಸಾಹೇಬ ಮೆಲ್ಲಗೆ ಬಾಗಿಲು ಎಳೆದುಕೊಂಡ. "ಶಾಲೆ ಇರಲಿ ಮಾಸ್ಟರ್‌ಜೀ. ಎಬ್ಬಿಸಬೇಡಿ."