ಅತ್ತಿಗೆಯೂ ಇಟಲಿ ಸೈನ್ಯದ ಜೀಪೂ

ಸ್ವೀಡನ್ನಿಗೆ ಬಂದು, ಮೂರು ವರ್ಷ ಕಷ್ಟಪಟ್ಟು ಇಟಾಲಿಯನ್ ಕಲಿತ ಕನ್ನಡತಿ ಈ ಭೂಮಂಡಲದಲ್ಲಿ ಒಬ್ಬರೇ ಇರಬೇಕು. ಅವರು ನಮ್ಮ ಅತ್ತಿಗೆ! ಸ್ವೀಡಿಷ್ ಪುಕ್ಕಟೆ ಕಲಿಸುತ್ತೇವೆ ಬನ್ನಿ ಎಂದು ಕೊಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ಕಾಗದದ ಮೇಲೆ ಕಾಗದ ಹಾಕಿದರೂ ಹೋಗದೆ, ದುಡ್ಡು ಕೊಟ್ಟು ಇಟಾಲಿಯನ್ ತರಗತಿಗೆ ಸೇರಿದ ಪುಣ್ಯಾತ್ಗಿತ್ತಿ. ಅಂಗಡಿಯಲ್ಲಿ ಮೊಸರು ಕೇಳಲು ತಡವರಿಸುತ್ತಿದ್ದ ಅವರು, ಗೇರ್‌ಬಾಕ್ಸಿನ ಹಿಂದಿನ ಸೀಲು ಸವೆದಿದೆ ಎಂಬುದನ್ನು ಮಾತ್ರ ಇಟಾಲಿಯನ್ನಿನಲ್ಲಿ ಉಸಿರು ಬಿಡದೆ ಹೇಳುತ್ತಿದ್ದರು. ಯಾಕೆ ಅಂತೀರಾ? ಅವರ ಬಳಿ ಇಟಲಿ ಸೈನ್ಯದ ಹಳೇ ಜೀಪೊಂದಿತ್ತು, ಅದರ ರಿಪೇರಿ ಪುಸ್ತಕ ಆ ಭಾಷೆಯಲ್ಲಿತ್ತು. ಫೋನು ಹಿಡಿದರೆ ಅನುವಾದವಾಗಿಬಿಡುವ ಕಾಲ ಆಗಿನ್ನೂ ಬಂದಿರಲಿಲ್ಲ.

ನಮ್ಮಣ್ಣ ಲುಂಡ್‌ನಲ್ಲಿ ಸಂಶೋಧಕ. ನಾನು ಸೋಲ್ನಾದಲ್ಲಿ ಐಟಿ ಕೂಲಿ, ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಅವರ ಮನೆಗೆ ಊಟಕ್ಕೆ ಹಾಜರಾಗುವವನು. ಅತ್ತಿಗೆ ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಹನ್ನೆರಡು ವರ್ಷ ಮೆಷಿನ್ ಡ್ರಾಯಿಂಗ್ ಕಲಿಸಿ, ಆ ಕೆಲಸ ಬಿಟ್ಟು ಅಣ್ಣನ ಹಿಂದೆ ಬಂದವರು. ಇಲ್ಲಿನ ಕಾಗದಪತ್ರಗಳಲ್ಲಿ ಅವರು ಬರೀ ‘ಜೊತೆಗೆ ಬಂದವರು’. ಮೊದಲ ಚಳಿಗಾಲವಿಡೀ ಕಿಟಕಿಯ ಪಕ್ಕ ಕೂತು ರಸ್ತೆಯಲ್ಲಿ ಹೋಗುವ ಸೈಕಲ್ಲುಗಳನ್ನು ಎಣಿಸಿದರು. ನೋಡಲಾರದೆ ಅಣ್ಣ, ನೀನೂ ಒಂದು ಸೈಕಲ್ ತಗೋ ಎಂದು ಊರಾಚೆಯ ರೈತನೊಬ್ಬನ ಜಾಹೀರಾತು ಕೊಟ್ಟು ಕಳಿಸಿದ.

ಕಳಿಸಿದ್ದೇ ತಪ್ಪಾಯಿತು ನೋಡಿ! ಸೈಕಲ್ ಇಟ್ಟಿದ್ದ ಕೊಟ್ಟಿಗೆಯ ಮೂಲೆಯಲ್ಲೇ ಈ ಜೀಪೂ ಬಿದ್ದಿತ್ತು. ಬಾಗಿಲಿಲ್ಲ, ಮೇಲಿನ ಕ್ಯಾನ್ವಾಸು ಹರಿದಿದೆ, ಎಂಜಿನ್ನು ಏಳು ಡಬ್ಬಗಳಲ್ಲಿದೆ, ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದೆ. ಕೋಳಿಯನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅತ್ತಿಗೆ ಕೊಂಡುಕೊಂಡರು. ಜೀಪು ಸದ್ಯಕ್ಕೆ ಕೊಟ್ಟಿಗೆಯಲ್ಲೇ ಇರಲಿ ಎಂದು ರೈತನನ್ನು ಒಪ್ಪಿಸಿಯೂ ಬಂದರು. ಸಂಜೆ ಬರಿಗೈಲಿ ಬಂದವರನ್ನು ಅಣ್ಣ ಸೈಕಲ್ಲೆಲ್ಲಿ ಎಂದು ಕೇಳಿದ.

"ಅದಕ್ಕೆ ಎರಡೇ ಚಕ್ರ ರೀ," ಎಂದರು ಅತ್ತಿಗೆ. "ನಾನು ನಾಲ್ಕಿರೋದು ತಗೊಂಡೆ."

ಮುಂದಿನ ರಾಮಾಯಣ ಬಟ್ಟೆ ಒಗೆಯುವ ಕೋಣೆಯದು. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಕೋಣೆ, ಹೆಸರು ಬರೆದು ಸರದಿ ಹಿಡಿಯಬೇಕು. ನಮ್ಮಲ್ಲಿ ಗರ್ಭಗುಡಿಗೂ ಇಷ್ಟು ಮಡಿಯಿಲ್ಲ! ಅಂಥಲ್ಲಿ ಅತ್ತಿಗೆ ಜೀಪಿನ ಕ್ಯಾನ್ವಾಸು ಒಗೆದರು. ಆಮೇಲಿನ ಸರದಿಯ ಅಜ್ಜಿಯ ಬಿಳೀ ಹೊದಿಕೆಗಳು ಅದೇ ಯಂತ್ರದೊಳಗಿಂದ ಹಸಿರು ಬಣ್ಣ ಹತ್ತಿಸಿಕೊಂಡು, ಇಟಲಿ ಸೈನ್ಯಕ್ಕೆ ಭರ್ತಿಯಾಗಿ ಹೊರಬಂದವು. ಸ್ವೀಡಿಷರು ಜಗಳವಾಡುವುದಿಲ್ಲ, ಚೀಟಿ ಅಂಟಿಸುತ್ತಾರೆ. ಚೀಟಿಯ ಕೊನೆಗೆ ‘ಸ್ನೇಹಪೂರ್ವಕ ವಂದನೆಗಳು’ ಎಂದಿದ್ದರೆ ಕೋಪ ನೆತ್ತಿಗೇರಿದೆ ಎಂದೇ ಅರ್ಥ. ಅಣ್ಣ ಹೊಸ ಹೊದಿಕೆ ಕೊಂಡುಕೊಟ್ಟು, ಮನೆಮನೆಗೂ ಚಕ್ಲಿ ಹಂಚಿ ಕ್ಷಮೆ ಕೇಳಿ ಬಂದ. ಹದಿನೈದು ದಿನಕ್ಕೆ ಇನ್ನೊಂದು ಚೀಟಿ ಬಿತ್ತು. ಚಕ್ಲಿ ಮುಗಿಯಿತು, ಮುಂದಿನ ಸಲ ಡೇರೆ ಒಗೆಯುವುದು ಯಾವಾಗ ಎಂದು ಯಾರೋ ವಿಚಾರಿಸಿದ್ದರು.

ಅಂತೂ ಏಳು ಡಬ್ಬಗಳ ಎಂಜಿನ್ನು ಒಂದಾಗಿ ಗುಟುರು ಹಾಕಿತು. ಆದರೆ ತಪಾಸಣೆಯಲ್ಲಿ ಪಾಸಾಗದೆ ಗಾಡಿ ರಸ್ತೆಗಿಳಿಯುವಂತಿಲ್ಲವಲ್ಲ! ಮೊದಲ ಸಲ ಹ್ಯಾಂಡ್‌ಬ್ರೇಕಿನಲ್ಲಿ ಫೇಲು. ಎರಡನೇ ಸಲ ಅತ್ತಿಗೆ ಪೂಜೆ ಮಾಡಿ, ಬಾನೆಟ್ಟಿಗೆ ಕುಂಕುಮವಿಟ್ಟು, ಇನ್ಸ್‌ಪೆಕ್ಟರಿಗೆ ಮೈಸೂರುಪಾಕಿನ ಡಬ್ಬಿ ನೀಡಿದರು. ಆತ ಲಂಚವೆಂದು ಗಾಬರಿಬಿದ್ದು ಡಬ್ಬಿಯನ್ನು ಪೆನ್ನಿನ ತುದಿಯಿಂದ ಅತ್ತ ತಳ್ಳಿದ. ಇದು ಲಂಚವಲ್ಲ, ಪ್ರಸಾದ ಎಂದು ವಿವರಿಸಲು ಹೊರಟ ಅತ್ತಿಗೆಯ ಬಾಯಿಂದ ಗಡಿಬಿಡಿಯಲ್ಲಿ ಬಂದದ್ದು ಬರೀ ಇಟಾಲಿಯನ್! ದುಭಾಷಿಯಾಗಿ ಹೋಗಿದ್ದ ನಾನು ಸೀಲಿಂಗ್ ನೋಡುತ್ತ ನಿಂತೆ. ಬ್ರೇಕಿನ ಪೈಪು ಸೋರುತ್ತಿದೆ ಎಂದು ಬರೆದು ಆತ ಮತ್ತೆ ಫೇಲು ಮಾಡಿದ.

ಇಷ್ಟಾಗುವ ಹೊತ್ತಿಗೆ ರೈತನ ತಾಳ್ಮೆಯೂ ಮುಗಿದಿತ್ತು. ಓಡುವ ಗಾಡಿಯಾದರೆ ಕೊಟ್ಟಿಗೆಯಲ್ಲಿರಲಿ, ಓಡದ ಕಬ್ಬಿಣವಾದರೆ ಮಿಡ್‌ಸಮ್ಮರ್ ಹಬ್ಬ ಕಳೆದ ಮಾರನೇ ದಿನವೇ ಗುಜರಿಗೆ ಎಂದುಬಿಟ್ಟ. ಉಳಿದದ್ದು ಮೂರೇ ವಾರ. ಅತ್ತಿಗೆ ಊಟ ಮರೆತರು. ನನಗೆ ಫೋನು ಮಾಡಿದರೂ ಪೈಪಿನ ಅಳತೆಯದೇ ಮಾತು. ನಾನು ನಗುತ್ತಿದ್ದೆ, ಅಣ್ಣ ಮಾತ್ರ ನಗುವುದನ್ನು ಬಿಟ್ಟಿದ್ದ.

"ಇದು ಪಾಸಾಗ್ಲಿಲ್ಲ ಅಂದ್ರೆ ಅವಳು ಮತ್ತೆ ಆ ಕಿಟಕಿ ಹತ್ರ ಹೋಗಿ ಕೂತ್ಕೋತಾಳೆ ಕಣೋ," ಎಂದ ಒಂದು ದಿನ. "ನಂಗೆ ಅದೊಂದೇ ಭಯ."

ಮೂರನೇ ತಪಾಸಣೆಗೆ ಮೂವರೂ ಹೋದೆವು. ಇನ್ಸ್‌ಪೆಕ್ಟರ್ ಜೀಪಿನಡಿ ನುಸುಳಿದವನು ಎಷ್ಟು ಹೊತ್ತಾದರೂ ಹೊರಬರಲಿಲ್ಲ, ಬೂಟುಗಳಷ್ಟೇ ಕಾಣುತ್ತಿದ್ದವು. ಅತ್ತಿಗೆ ಆ ಬೂಟುಗಳನ್ನು ದೇವರ ಪಾದ ನೋಡಿದಂತೆ ನೋಡುತ್ತಿದ್ದರು. ಕೊನೆಗೆ ಆತ ಎದ್ದು ಬಂದು, ಈ ಕೆಲಸ ಮಾಡಿದ್ದು ಯಾರು ಎಂದು ಕೇಳಿದ. ಅಣ್ಣ ಹೆಂಡತಿಯ ಕಡೆ ಕೈ ತೋರಿಸಿದ. ಆತ ಅತ್ತಿಗೆಯ ಕೈ ಕುಲುಕಿ, ಪರವಾಗಿಲ್ಲ, ಚೆನ್ನಾಗಿದೆ ಎಂದ. ಸ್ವೀಡಿಷನೊಬ್ಬನ ಬಾಯಲ್ಲಿ ಇದು ಪದ್ಮಭೂಷಣಕ್ಕೆ ಕಡಿಮೆಯಲ್ಲ! ಪಾಸು!

ಅತ್ತಿಗೆ ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ಅಣ್ಣ, ಹಿಂದಿನ ತಗಡಿನ ಸೀಟಿನಲ್ಲಿ ನಾನು. ಎರಡೂ ಬದಿ ಹಳದಿ ಹೂವಿನ ಹೊಲ. ವೇಗ ಗಂಟೆಗೆ ನಲವತ್ತು, ಆದರೆ ಸದ್ದು ವಿಮಾನದ್ದು. ನಮ್ಮ ಹಿಂದೆ ಕಾರುಗಳ ಮೆರವಣಿಗೆಯೇ ಸೇರಿತ್ತು, ಒಬ್ಬನಾದರೂ ಹಾರ್ನ್ ಒತ್ತಬೇಕಲ್ಲ! ನಾನು ಎದ್ದು ನಿಂತು ಮಂತ್ರಿಯ ಹಾಗೆ ಎಲ್ಲರಿಗೂ ಕೈ ಬೀಸಿದೆ. ಗುಂಡಿಯೊಂದು ಸಿಕ್ಕಿ ತಕ್ಷಣ ಕೂತೆ.

ಹಾಗೇ ಹೋಗುತ್ತಿದ್ದವರು ಅತ್ತಿಗೆ ಇದ್ದಕ್ಕಿದ್ದಂತೆ ರಸ್ತೆ ಬದಿಗೆ ತಂದು ಎಂಜಿನ್ ಆರಿಸಿದರು. ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅಳತೊಡಗಿದರು. ಪಾಸಾಯಿತಲ್ಲ ಅತ್ತಿಗೆ, ಇನ್ಯಾಕೆ ಅಳು ಎಂದೆ.

"ಅದೇ ಕಣಪ್ಪಾ. ಮುಗಿದೇ ಹೋಯ್ತಲ್ಲ," ಎಂದರು. "ನಾಳೆ ಬೆಳಿಗ್ಗೆ ಎದ್ದು ನಾನು ಏನು ಮಾಡ್ಲಿ?"

ಮೂರು ವರ್ಷ ಅವರನ್ನು ಗೇಲಿ ಮಾಡಿದ್ದ ನಾನು ಹಳದಿ ಹೊಲದ ಕಡೆ ತಿರುಗಿ ಕೂತೆ.

ಅಣ್ಣ ಕೆಳಗಿಳಿದ. ಬಲ್ಬು ಬದಲಾಯಿಸಲೂ ಹೆಂಡತಿಯನ್ನು ಕೂಗುವ ಪ್ರಾಣಿ ಅವನು. ಮುಂದೆ ಹೋಗಿ, ಪರದಾಡಿ ಬಾನೆಟ್ ಎತ್ತಿ, ತಲೆ ಒಳಗೆ ತೂರಿಸಿ ಸುಮಾರು ಹೊತ್ತು ಹಾಗೇ ನಿಂತ.

"ಏನೋ ಶಬ್ದ ಬರ್ತಿತ್ತು ಕಣೇ," ಎಂದ ಅಲ್ಲಿಂದಲೇ. "ಒಂದ್ಸಲ ಪೂರ್ತಿ ಬಿಚ್ಚಿ ನೋಡೋದು ಒಳ್ಳೇದು."

ಶಬ್ದ ಯಾವುದೂ ಬಂದಿರಲಿಲ್ಲ. ಅದು ನಮ್ಮ ಮೂವರಿಗೂ ಗೊತ್ತಿತ್ತು. ಅತ್ತಿಗೆ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು, ಗಂಡನ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿ, ಕೆಳಗಿಳಿದರು.

"ಸರೀರಿ ಆಕಡೆ," ಎಂದರು. "ನಾನು ನೋಡ್ತೀನಿ."